ಅಟ್ಲಾಂಟಾಗೆ ಹೊಸದಾಗಿ ಬಂದವರಿಗೆ: ಈ 11,779ರ ಲೆಕ್ಕ ಗೊತ್ತಿರಲಿ

ಚುನಾವಣೆಯ ವರ್ಷದಲ್ಲಿ ಅಕ್ಟೋಬರ್ ಬಂತೆಂದರೆ ನಿಮ್ಮ ಅಂಚೆ ಡಬ್ಬಿ ಪ್ರಚಾರದ ಕಾರ್ಡುಗಳಿಂದ ತುಂಬಿ ಹೋಗುತ್ತದೆ. ಫೋನಿಗೆ ಮೆಸೇಜ್ ಮೇಲೆ ಮೆಸೇಜ್. ಶನಿವಾರ ಬೆಳಿಗ್ಗೆ ಕಾಫಿ ಕುಡಿಯುತ್ತಿರುವಾಗ ಯಾರೋ ಬಾಗಿಲು ತಟ್ಟುತ್ತಾರೆ. ‘ನಾವು ವೀಸಾದ ಮೇಲೆ ಬಂದವರು, ನಮ್ಮ ಹಿಂದೆ ಯಾಕೆ ಬಿದ್ದಿದ್ದಾರೆ?’ ಅಂತ ಹೊಸಬರು ಕೇಳುತ್ತಾರೆ. ಉತ್ತರ 2020ರಲ್ಲಿದೆ.

ಆ ವರ್ಷ ನವೆಂಬರ್ 3ರ ಅಧ್ಯಕ್ಷೀಯ ಚುನಾವಣೆಯಲ್ಲಿ ನಮ್ಮ ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದಲ್ಲಿ ಹತ್ತಿರ ಹತ್ತಿರ 50 ಲಕ್ಷ ಮತ ಬಿದ್ದವು. ಜೋ ಬೈಡನ್‌ಗೆ 24,73,633. ಡೊನಾಲ್ಡ್ ಟ್ರಂಪ್‌ಗೆ 24,61,854. ವ್ಯತ್ಯಾಸ 11,779. ಅಷ್ಟಕ್ಕೇ ರಾಜ್ಯದ 16 ಎಲೆಕ್ಟೋರಲ್ ಮತಗಳೂ, ಅಂದರೆ ಅಧ್ಯಕ್ಷರನ್ನು ಕೊನೆಗೆ ಆರಿಸುವ ರಾಜ್ಯವಾರು ಮತಗಳು, ಬೈಡನ್ ಪಾಲಾದವು. ಇಲ್ಲಿ ಹಂಚಿಕೆ ಇಲ್ಲ, ಗೆದ್ದವರಿಗೇ ಎಲ್ಲ. 1992ರಲ್ಲಿ ಬಿಲ್ ಕ್ಲಿಂಟನ್ ಗೆದ್ದ ಮೇಲೆ ಬೈಡನ್ ಅವರ ಡೆಮಾಕ್ರಟ್ ಪಕ್ಷದ ಅಭ್ಯರ್ಥಿ ಈ ರಾಜ್ಯ ಗೆದ್ದಿದ್ದು ಅದೇ ಮೊದಲು. 2016ರಲ್ಲಿ ಟ್ರಂಪ್ ಇಲ್ಲೇ ಎರಡು ಲಕ್ಷಕ್ಕೂ ಜಾಸ್ತಿ ಅಂತರದಿಂದ ಗೆದ್ದಿದ್ದರು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಒಂದೇ ಒಂದು ಮತದಿಂದ ಗೆದ್ದಿದ್ದನ್ನು ಕಂಡ ನಮಗೆ 11,779 ದೊಡ್ಡದಾಗಿ ಕಾಣಬಹುದು. ಆದರೆ 50 ಲಕ್ಷದಲ್ಲಿ ಅದು ಕಾಲು ಪರ್ಸೆಂಟೂ ಇಲ್ಲ.

ನಕ್ಷೆ ನೋಡಿದರೆ ಮೋಸ ಹೋಗುತ್ತೀರಿ. ಜಾರ್ಜಿಯಾದಲ್ಲಿ 159 ಕೌಂಟಿಗಳಿವೆ, ನಮ್ಮ ಜಿಲ್ಲೆಗಳ ಹಾಗೆ. ಬೈಡನ್ ಗೆದ್ದಿದ್ದು ಬರೀ 30ರಲ್ಲಿ. ಆದರೆ ಆ 30ರಲ್ಲಿ ಫುಲ್ಟನ್, ಡೆಕಾಲ್ಬ್, ಗ್ವಿನೆಟ್, ಕಾಬ್ ಇದ್ದವು. ಅಂದರೆ ಅಟ್ಲಾಂಟಾ ಮತ್ತು ಅದರ ಸುತ್ತಲಿನ ಜನಸಂದಣಿಯೆಲ್ಲ. ಗ್ವಿನೆಟ್ ಮತ್ತು ಕಾಬ್ ದಶಕಗಳ ಕಾಲ ಟ್ರಂಪ್ ಅವರ ರಿಪಬ್ಲಿಕನ್ ಪಕ್ಷದ ಕೋಟೆಗಳು. 2016ರಲ್ಲಿ ಅವು ಕಡಿಮೆ ಅಂತರದಲ್ಲಿ ಡೆಮಾಕ್ರಟರ ಪಾಲಾದವು, 2020ರಲ್ಲಿ ದೊಡ್ಡ ಅಂತರದಲ್ಲಿ.

ನನಗೆ ಎಲ್ಲಕ್ಕಿಂತ ಸ್ವಾರಸ್ಯ ಅನ್ನಿಸುವುದು ಫೋರ್ಸೈತ್ ಕೌಂಟಿ. ಕಮಿಂಗ್ ಕಡೆ ಮನೆ ಹುಡುಕುತ್ತಿದ್ದೀರಾ? ಹಾಗಾದರೆ ಇದು ನಿಮ್ಮ ಕೌಂಟಿ. ಅಲ್ಲಿ ಈಗ ಭಾರತೀಯರು ಎಷ್ಟಿದ್ದಾರೆ ಅಂತ ಯಾವುದೇ ದಿನಸಿ ಅಂಗಡಿಗೆ ಹೋದರೆ ಗೊತ್ತಾಗುತ್ತದೆ. 2020ರಲ್ಲಿ ಅಲ್ಲಿ ಟ್ರಂಪ್ ಸುಲಭವಾಗಿ ಗೆದ್ದರು, ಮೂರರಲ್ಲಿ ಎರಡು ಪಾಲು ಮತ ಅವರಿಗೇ. ಆದರೆ 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಅಲ್ಲಿ ಸುಮಾರು 23 ಸಾವಿರ ಮತ ಬಿದ್ದಿದ್ದರೆ, 2020ರಲ್ಲಿ ಬೈಡನ್‌ಗೆ ಬಿದ್ದಿದ್ದು ಸುಮಾರು 42 ಸಾವಿರ. ಸೋತ ಕೌಂಟಿಯೊಂದರಲ್ಲೇ ಹೆಚ್ಚಾದ ಮತ ಇಡೀ ರಾಜ್ಯದ ಗೆಲುವಿನ ಅಂತರಕ್ಕಿಂತ ಜಾಸ್ತಿ! ಟ್ರಂಪ್ ಮತವೂ ಅಲ್ಲಿ ಏರಿತು, ಅದೂ ನಿಜ. ಇದನ್ನು ಎರಡೂ ಪಕ್ಷಗಳು ಚೆನ್ನಾಗಿ ಓದಿಕೊಂಡಿವೆ. ನಿಮ್ಮ ಹೆಸರು ನೋಡಿಯೇ ಬಾಗಿಲು ತಟ್ಟುವವರಿದ್ದಾರೆ, ತಪ್ಪು ತಿಳಿಯಬೇಡಿ.

ಎಣಿಕೆಯ ವಿಷಯಕ್ಕೆ ಬರೋಣ. ನಮ್ಮಲ್ಲಿ ಎಣಿಕೆ ದಿನ ಮಧ್ಯಾಹ್ನಕ್ಕೆ ಚಿತ್ರ ಸ್ಪಷ್ಟವಾಗುತ್ತದೆ, ಆಯೋಗವೇ ಫಲಿತಾಂಶ ಹೇಳುತ್ತದೆ. ಇಲ್ಲಿ ಚುನಾವಣೆ ನಡೆಸುವುದು ಒಂದೊಂದು ಕೌಂಟಿ. ರಾತ್ರಿ ‘ಗೆದ್ದರು’ ಅನ್ನುವುದು ಸುದ್ದಿಸಂಸ್ಥೆಗಳು, ಅದು ಬರೀ ಅಂದಾಜು. 2020ರಲ್ಲಿ ಕೋವಿಡ್ ಕಾರಣ ಸುಮಾರು 13 ಲಕ್ಷ ಜನ ಅಂಚೆ ಮತ ಹಾಕಿದ್ದರು. ಅವು ಎಣಿಕೆಯಾಗುವುದು ತಡವಾಯಿತು, ಅವುಗಳಲ್ಲಿ ಬೈಡನ್ ಪಾಲೇ ಹೆಚ್ಚಿತ್ತು. ಹಾಗಾಗಿ ಮಂಗಳವಾರ ರಾತ್ರಿ ಮುಂದಿದ್ದ ಟ್ರಂಪ್ ಶುಕ್ರವಾರ ಬೆಳಗಿನ ಜಾವ ಹಿಂದೆ ಬಿದ್ದರು. ಆಗ ಬಂದಿದ್ದು ಕ್ಲೇಟನ್ ಕೌಂಟಿಯ ಮತಗಳು. ಆಮೇಲೆ ಅಷ್ಟೂ ಕಾಗದದ ಮತಪತ್ರಗಳನ್ನು ಕೈಯಲ್ಲಿ ಎಣಿಸಿದರು. ಟ್ರಂಪ್ ಕಡೆಯವರು ಕೇಳಿದ್ದಕ್ಕೆ ಮತ್ತೆ ಯಂತ್ರದಲ್ಲೂ ಎಣಿಸಿದರು. ಅಂತರ ಕೊಂಚ ಆಚೀಚೆ ಆಯಿತೇ ಹೊರತು ಗೆದ್ದವರು ಬದಲಾಗಲಿಲ್ಲ. 2021ರ ಜನವರಿ 2ರಂದು ಟ್ರಂಪ್ ರಾಜ್ಯದ ಚುನಾವಣಾ ಹೊಣೆ ಹೊತ್ತ ಬ್ರಾಡ್ ರಾಫೆನ್ಸ್‌ಪರ್ಗರ್‌ಗೆ ಫೋನ್ ಮಾಡಿ 11,780 ಮತ ಹುಡುಕಿ ಅಂದ ಮಾತು ರೆಕಾರ್ಡ್ ಆಗಿ ಜಗತ್ತಿಗೇ ಕೇಳಿಸಿತು. ರಾಫೆನ್ಸ್‌ಪರ್ಗರ್ ಕೂಡ ರಿಪಬ್ಲಿಕನ್ನರೇ. ಒಪ್ಪಲಿಲ್ಲ. ಈ ವಿಷಯ ಇವತ್ತಿಗೂ ಹಸಿಯಾಗಿದೆ. ಆಫೀಸಿನ ಊಟದ ಮೇಜಿನಲ್ಲಿ ನೀವಾಗಿ ಎತ್ತಬೇಡಿ. ಇನ್ನು 2024ರಲ್ಲಿ ಟ್ರಂಪ್ ಇಲ್ಲಿ ಸುಮಾರು 1.15 ಲಕ್ಷ ಮತಗಳಿಂದ ಗೆದ್ದರು. ಅಂದರೆ ರಾಜ್ಯ ಯಾರ ಜೇಬಿನಲ್ಲೂ ಇಲ್ಲ.

ಈಗ ನಿಮಗೆ ನೇರವಾಗಿ ಬೇಕಾದ ಮಾತು. ವೀಸಾ ಇರಲಿ, ಗ್ರೀನ್ ಕಾರ್ಡ್ ಇರಲಿ, ನಾಗರಿಕರಾಗುವವರೆಗೆ ಅಧ್ಯಕ್ಷರ ಚುನಾವಣೆಯಲ್ಲಿ ಮತ ಇಲ್ಲ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ನೋಂದಣಿಯೂ ಅಲ್ಲೇ ಆಗುತ್ತದೆ. ಕೌಂಟರಿನಲ್ಲಿ ಗಡಿಬಿಡಿಯಲ್ಲಿ ‘ನಾಗರಿಕ’ ಅನ್ನುವ ಚೌಕಕ್ಕೆ ಟಿಕ್ ಹಾಕಿಬಿಡಬೇಡಿ. ಅದು ಸುಮ್ನೆ ಕಾಗದದ ತಪ್ಪಾಗಿ ಉಳಿಯುವುದಿಲ್ಲ. ಮುಂದೆ ಗ್ರೀನ್ ಕಾರ್ಡಿಗೇ ಕುತ್ತು ತರಬಹುದು, ಗಡೀಪಾರಿನವರೆಗೂ ಹೋಗಬಹುದು. ಮಾಲ್ ಎದುರು ಕ್ಲಿಪ್‌ಬೋರ್ಡ್ ಹಿಡಿದು ನಿಂತವರು ಎಷ್ಟೇ ನಗುತ್ತಾ ಕೇಳಿದರೂ ಮತದಾರರ ನೋಂದಣಿಗೆ ಸಹಿ ಹಾಕಬೇಡಿ. ‘ನಾನು ಸಿಟಿಜನ್ ಅಲ್ಲ’ ಅಂದರೆ ಸಾಕು, ಅವರೇ ಮುಂದೆ ಹೋಗುತ್ತಾರೆ. ಚುನಾವಣಾ ದೇಣಿಗೆಯಲ್ಲೂ ಎಚ್ಚರ. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು, ಎಚ್‌-1ಬಿ ಕೆಲಸದ ವೀಸಾ ಮೇಲಿರುವವರು ಐದು ಡಾಲರ್ ಕೂಡ ಕೊಡುವಂತಿಲ್ಲ.

ಸಿಟಿಜನ್ ಆದ ಮೇಲೆ ಹೆಸರು ನೋಂದಾಯಿಸಲು ತಡ ಮಾಡಬೇಡಿ. ಗಡುವು ಚುನಾವಣೆಗೆ ಸುಮಾರು ಒಂದು ತಿಂಗಳು ಮುಂಚೆಯೇ ಮುಗಿಯುತ್ತದೆ. ಪಕ್ಷದ ಹೆಸರು ಬರೆಸಬೇಕಿಲ್ಲ. ಮತದಾನದ ದಿನದ ಸಾಲಿನಲ್ಲಿ ನಿಲ್ಲುವ ಬದಲು ಮೂರು ವಾರ ಮೊದಲೇ ಶುರುವಾಗುವ ಅರ್ಲಿ ವೋಟಿಂಗ್‌ಗೆ ಹೋಗಿ. ಫೋಟೋ ಇರುವ ಗುರುತಿನ ಚೀಟಿ ಜೊತೆಗಿರಲಿ. ಕನ್ನಡ ಕೂಟದ ಕಡೆಯಿಂದ ಸಾಲಿನಲ್ಲಿ ನಿಂತವರಿಗೆ ಮಜ್ಜಿಗೆ, ಚಕ್ಕುಲಿ ಹಂಚೋಣ ಅನ್ನುವ ಉತ್ಸಾಹಿಗಳು ಪ್ರತಿ ಸಲ ಸಿಗುತ್ತಾರೆ, ಅಲ್ವಾ? ಅವರಿಗೆ ಹೇಳಿ: 2021ರ ಕಾನೂನಿನ ಪ್ರಕಾರ ಮತಗಟ್ಟೆಯ ಕಟ್ಟಡದಿಂದ 150 ಅಡಿಯೊಳಗೆ ಮತದಾರರಿಗೆ ತಿಂಡಿ, ನೀರು ಕೊಡುವುದು ಅಪರಾಧ.