ಕಾಲುವೆ ಗಾಳಕ್ಕೆ ಸಿಕ್ಕ ಕೆಂಬೇರಿ

ಎರಡೂವರೆ ಕಿಲೋ ಕೆಂಬೇರಿ, ಕರಾವಳಿಯ ಕೆಂಪು ಮೀನು. ದೋಣಿ ಹತ್ತಲಿಲ್ಲ, ದಡದಲ್ಲಿ ನಿಂತೇ ಹಿಡಿದೆ. ರಾಡು ಯಾವುದು ಅಂದರೆ ತುಂಗಭದ್ರಾ ಡ್ಯಾಮಿನ ಪಕ್ಕದ ಮುನಿರಾಬಾದಿನ ಕಾಲುವೆಯಲ್ಲಿ ರೋಹು ಹಿಡಿಯುವ ಅದೇ ಹಳೇ ಏಳಡಿ ರಾಡು.

"ಡ್ಯಾಮಿನ ಗಾಳ ಸಮುದ್ರಕ್ಕ ನಡಿಯಂಗಿಲ್ಲ ತಮ್ಮಾ" ಅಂತ ನಮ್ಮ ಕಾಕಾ ಮೂರು ವರ್ಷದಿಂದ ಹೇಳುತ್ತಿದ್ದರು. ಹಾಗೆ ಹೇಳುವಂಥ ಕೆಲಸವನ್ನೇ ನಾನು ಎರಡು ಸಲ ಮಾಡಿದ್ದೆ.

ಮೊದಲ ಸಲ ಮನೆಯವರ ಜೊತೆ ಗೋಕರ್ಣಕ್ಕೆ ಹೋದಾಗ ಮೂರೂವರೆ ಸಾವಿರ ಕೊಟ್ಟು ದೋಣಿ ಹತ್ತಿದೆ. ನಾಲ್ಕು ತಾಸು ಅಂದಿದ್ದರು, ಎರಡೂವರೆ ತಾಸಿಗೆ ವಾಪಸ್ ತಂದು ಬಿಟ್ಟರು. ಹೆಂಡತಿಗೆ ವಾಂತಿ, ಮಕ್ಕಳಿಗೆ ಅಳು. ಸಿಕ್ಕಿದ್ದು ಅಂಗೈಯಷ್ಟು ಉದ್ದದ ಎರಡು ಮೀನು. ಮರುವರ್ಷ ಅಲ್ಲೇ ಕುಡ್ಲೆ ಬೀಚಿನಲ್ಲಿ ಅಲೆಗೆ ಎದುರಾಗಿ ನಿಂತು ಎಸೆದೆ. ದಾರಕ್ಕೆ ಭಾರವಾಗಿ ಕಟ್ಟಿದ ನಲವತ್ತು ಗ್ರಾಂ ಸೀಸ ಒಂದು ನಿಮಿಷ ನಿಲ್ಲಲಿಲ್ಲ, ಅಲೆ ಅದನ್ನು ಉರುಳಿಸಿಕೊಂಡು ನನ್ನ ಕಾಲ ಹತ್ತಿರವೇ ತಂದು ಹಾಕುತ್ತಿತ್ತು. ಊರಿಗೆ ಬಂದ ಮೇಲೆ ದಾರ ಸುತ್ತುವ ರೀಲಿನ ಉಪ್ಪುನೀರು ತೊಳೆಯದೆ ಹಾಗೇ ಇಟ್ಟೆ. ಹದಿನೈದು ದಿನದಲ್ಲಿ ಹಿಡಿಕೆ ತಿರುಗದಂತಾಯಿತು. ಬೇರಿಂಗಿಗೆ ಆರುನೂರು ಹೋಯಿತು.

ಈ ಸಲ ಡಿಸೆಂಬರಿನಲ್ಲಿ ಹೋದೆ. ಬೀಚಿನ ಕಡೆ ತಿರುಗಿಯೂ ನೋಡದೆ ತದಡಿ ಹತ್ತಿರ ಅಘನಾಶಿನಿ ಹೊಳೆ ಸಮುದ್ರ ಸೇರುವ ಜಾಗಕ್ಕೆ ಆಟೋ ಹಿಡಿದೆ. ನೂರೈವತ್ತು ರೂಪಾಯಿ. ಗಾಳ ಹಾಕುವ ಹಿಂದಿನ ದಿನ ರಾಡಿಲ್ಲದೆ ಹೋದೆ. ನೀರು ಪೂರ್ತಿ ಇಳಿದಾಗ ಹೋಗಿ ಸುಮ್ನೆ ನೋಡಿದೆ. ಹೆಂಗಸರು ಮೊಣಕಾಲು ನೀರಿನಲ್ಲಿ ಬಳಚು, ಅಂದರೆ ತಿನ್ನುವ ಚಿಪ್ಪು, ಆರಿಸುತ್ತಿದ್ದರು. ಉಬ್ಬರಕ್ಕೆ ಮುಳುಗುವ ಬಂಡೆಗಳೆಲ್ಲ ಆಗ ಹೊರಗೆ ಕಾಣುತ್ತವೆ. ಒಂದು ಬಂಡೆಯ ಬುಡದಲ್ಲಿ ಮರಳು ಕೊರೆದು ಗುಂಡಿಯಾಗಿತ್ತು. ನಮ್ಮ ಕಾಲುವೆ ಸೇತುವೆಯ ಕಂಬದ ಹಿಂದೆ ಆಗುತ್ತದಲ್ಲ, ಥೇಟ್ ಅದೇ ಥರ. ಅಲ್ಲಿ ಮೀನು ಎಲ್ಲಿ ನಿಲ್ಲುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ? ಸೆಳವು ಒಡೆದು ನೀರು ಮೆತ್ತಗಾಗುವ ಕಡೆ ನಿಂತಿರುತ್ತದೆ. ಹೊಳೆಬಾಯಲ್ಲಿ ಒಂದೇ ಒಂದು ವ್ಯತ್ಯಾಸ. ಉಬ್ಬರದಲ್ಲಿ ನೀರು ಒಳಗೆ ಹರಿಯುತ್ತದೆ, ಇಳಿತದಲ್ಲಿ ಹೊರಗೆ. ನೀರು ತಿರುಗಿತು ಅಂದರೆ ಮೀನು ಬಂಡೆಯ ಆಚೆ ಬದಿಗೆ ಹೋಗುತ್ತದೆ, ನೀವೂ ಬದಿ ಬದಲಿಸಬೇಕು. ಯಾವ ಬಂಡೆ ಅಂತ ಮಾತ್ರ ಕೇಳಬೇಡಿ.

ಅಮಾವಾಸ್ಯೆ, ಹುಣ್ಣಿಮೆಗೆ ಬನ್ನಿ, ಮೀನು ಜಾಸ್ತಿ ಅಂತ ಅಲ್ಲಿ ಎಲ್ಲರೂ ಹೇಳುತ್ತಾರೆ. ಅವರ ಬಲೆಗೆ, ದೋಣಿಗೆ ಅದು ಸರಿ ಇರಬಹುದು. ಆ ದಿನಗಳ ಸೆಳವಿಗೆ ನಮ್ಮ ಸಣ್ಣ ಸೀಸ ನಿಲ್ಲುವುದಿಲ್ಲ. ನಾನು ಪಂಚಾಂಗ ನೋಡಿ ಅಷ್ಟಮಿಯಿಂದ ದಶಮಿವರೆಗಿನ ಮೂರು ದಿನ ಆರಿಸಿದೆ. ಉಬ್ಬರ ಕಮ್ಮಿ, ಸೆಳವು ಹೆಚ್ಚುಕಮ್ಮಿ ಕಾಲುವೆಯಷ್ಟೇ. ಮೂವತ್ತು ಗ್ರಾಂ ಸೀಸ ಅಲುಗಾಡದೆ ಕೂತಿತು. ನೀರು ಎಲ್ಲಿಗೆ ಏರಿತು ಅಂತ ಅಷ್ಟಮಿ ದಿನ ಬಂಡೆಗೆ ಇದ್ದಿಲಲ್ಲಿ ಗೆರೆ ಹಾಕಿ ಹೊತ್ತು ಬರೆದುಕೊಂಡೆ. ಆಮೇಲೆ ಆ ಹೊತ್ತಿಗೆ ದಿನಕ್ಕೆ ಐವತ್ತು ನಿಮಿಷದಿಂದ ಒಂದು ತಾಸು ಕೂಡಿಸುತ್ತಾ ಹೋದರೆ ಸಾಕು.

ಎರೆಗೆ ಜೀವಂತ ಸಿಗಡಿ, ಇನ್ನೂರು ರೂಪಾಯಿಯದು. ಬಾಲದ ಹತ್ತಿರ ಗಾಳ ಚುಚ್ಚಿದೆ. ಅದನ್ನು ಸಂಜೆತನಕ ಸಾಯದಂತೆ ಇಡಲು ನಂದೇ ಒಂದು ಉಪಾಯ ಇದೆ, ಅದು ಹಾಗೇ ಇರಲಿ. ನಡುವೆ ಶೇಂಗಾ ಹಿಂಡಿ, ಜೋಳದ ಹಿಟ್ಟಿನ ಉಂಡೆಯನ್ನೂ ಹಾಕಿ ನೋಡಿದೆ. ಡ್ಯಾಮಿನಲ್ಲಿ ರೋಹು, ಮೃಗಾಲ್ ಮುಗಿಬೀಳುವ ಉಂಡೆ. ಇಲ್ಲಿ ಮೀಸೆ ಇರುವ ಸಣ್ಣ ಮೀನು ಮೂರು ಸಿಕ್ಕವು ಅಷ್ಟೇ. ಅದರ ಮುಳ್ಳು ಚುಚ್ಚಿದರೆ ಕೈ ಊದಿಕೊಳ್ಳುತ್ತದೆ, ಬಟ್ಟೆ ಸುತ್ತಿಯೇ ಬಿಡಿಸಿ.

ಅಷ್ಟಮಿ ದಿನ ಎರಡು ಸಲ ಎಳೆಯಿತು, ಎರಡು ಸಲವೂ ದಾರ ಕಡಿಯಿತು. ತುದಿ ನೋಡಿದರೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಇತ್ತು. ಕೆಂಬೇರಿಯ ಹಲ್ಲು ಅದು. ಮರುದಿನ ಗಾಳಕ್ಕೆ ಮೊದಲು ಒಂದು ಮೊಳ ದಪ್ಪ ನೈಲಾನ್ ಕಟ್ಟಿದೆ. ಮೀಟರಿಗೆ ಹತ್ತು ರೂಪಾಯಿಯೂ ಇಲ್ಲ.

ನವಮಿ ಸಂಜೆ, ಸೂರ್ಯ ಮುಳುಗುವ ಹೊತ್ತು. ನೀರು ತುಂಬಿ ನಿಂತಾಗ ಇಪ್ಪತ್ತು ನಿಮಿಷ ಏನೂ ಇಲ್ಲ. ಬಂಡೆಗೆ ಅಂಟಿದ್ದ ನೊರೆ ನಿಧಾನಕ್ಕೆ ಸಮುದ್ರದ ಕಡೆ ಜಾರತೊಡಗಿತು. ಎದ್ದು ಬದಿ ಬದಲಿಸಿ ಎಸೆದೆ. ಐದು ನಿಮಿಷವೂ ಆಗಿರಲಿಲ್ಲ, ರಾಡು ಬಾಗಿ ತುದಿ ನೀರಿಗೆ ಬಡಿಯಿತು. ಬಂಡೆ ಸಂದಿಗೆ ಹೋಗಲು ಬಿಟ್ಟರೆ ಮುಗಿಯಿತು ಅಂತ ರೀಲಿನ ಬ್ರೇಕ್ ಬಿಗಿ ಮಾಡಿ ಹಿಂದೆ ಹಿಂದೆ ನಡೆದೆ. ಮೇಲೆ ಬಂದಾಗ ತಾಮ್ರದ ಕೊಡ ಬೆಳಗಿದ ಹಾಗೆ ಹೊಳೆಯುತ್ತಿತ್ತು.

ಮೂರು ದಿನಕ್ಕೆ ದೊಡ್ಡದು ಒಂದು, ಮುಕ್ಕಾಲು ಕಿಲೋದವು ನಾಲ್ಕೋ ಐದೋ. ಆಟೋ, ಎರೆ, ದಾರ ಎಲ್ಲ ಸೇರಿ ಸಾವಿರದ ಇನ್ನೂರು ದಾಟಿಲ್ಲ. ಮೊದಲ ವರ್ಷದ ದೋಣಿ ಬಾಡಿಗೆಯ ಅರ್ಧವೂ ಅಲ್ಲ. ರೀಲನ್ನು ದಿನಾ ರಾತ್ರಿ ಸಿಹಿ ನೀರಿನಲ್ಲಿ ತೊಳೆದು ಒರೆಸಿಯೇ ಮಲಗಿದೆ.

ಫೋಟೋ ನೋಡಿದ ಕಾಕಾ ರಾತ್ರಿಯೇ ಫೋನ್ ಮಾಡಿದರು. "ಮುಂದಿನ ಅಷ್ಟಮಿ ಯಾವಾಗ ಐತಿ ನೋಡು" ಅಂದರು.