ಪಾರ್ಕಿನ್ಸನ್‌ಗೆ ಯುಡಿಐಡಿ ಕಾರ್ಡ್: ನನ್ನ ಅನುಭವ

ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ 22 ವರ್ಷ ರೈಟರ್ ಆಗಿದ್ದೆ. ಹಾಜರಿ ಬರೆಯೋದು, ಬಟವಾಡೆ, ಗೊಬ್ಬರದ ಲೆಕ್ಕ. ಕಾಯಿಲೆ ಮೊದಲು ಕಂಡಿದ್ದು ಹಾಜರಿ ಪುಸ್ತಕದಲ್ಲಿ. ಸಾಲಿನ ಶುರುವಿಗೆ ಸರಿಯಾಗಿದ್ದ ಅಕ್ಷರ ಕೊನೆಗೆ ಬರುವಷ್ಟರಲ್ಲಿ ಇರುವೆಯಷ್ಟಾಗುತ್ತಿತ್ತು. ಸಾಹುಕಾರರು ಪೆನ್ನು ಬದಲಾಯಿಸಿ ನೋಡಿ ಅಂದರು. ಅದು ಪಾರ್ಕಿನ್ಸನ್ ಅನ್ನೋ ನರರೋಗ ಅಂತ ಗೊತ್ತಾಗಿದ್ದು ಎರಡು ವರ್ಷದ ಮೇಲೆ.

ಇದಕ್ಕೂ ಅಂಗವಿಕಲರ ಸರ್ಟಿಫಿಕೇಟ್ ಸಿಗುತ್ತೆ ಅಂತ ಹೇಳಿದ್ದು ನಮ್ಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ, ಅಂದರೆ ಅಂಗವಿಕಲರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿರುವ 21 ವಿಧಗಳಲ್ಲಿ ಪಾರ್ಕಿನ್ಸನ್ ಕೂಡ ಒಂದು. ಅವರೇ ಫೋನಿನಲ್ಲಿ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ಅರ್ಜಿ ತುಂಬಿಸಿದರು, ಅದಕ್ಕೆ ಫೀಸು ಇಲ್ಲ. ಸಹಿ ಕೇಳಿದಾಗ ನನ್ನ ಸಹಿ ಆಧಾರ್‌ದೂ ಅಲ್ಲ, ಬ್ಯಾಂಕಿಂದೂ ಅಲ್ಲ ಅನ್ನುವಂತೆ ಬಂತು. ಕೊನೆಗೆ ಹೆಬ್ಬೆಟ್ಟು ಒತ್ತಿದೆ. ತೋಟದ ಲೈನ್ ಮನೆಯ ಕೆಲಸಗಾರರ ಹೆಬ್ಬೆಟ್ಟು ಹಿಡಿದು ಅಷ್ಟು ವರ್ಷ ಒತ್ತಿಸಿದವನು ನಾನು!

ಸರ್ಟಿಫಿಕೇಟಿಗೆ ಆಸ್ಪತ್ರೆಯಲ್ಲಿ ತಪಾಸಣೆ ಇರುತ್ತೆ. ಮೊದಲ ಸಲ ತಪ್ಪಿದ್ದು ಎಲ್ಲಿ ಅಂದರೆ, ಬೆಳಿಗ್ಗೆ ಮಾತ್ರೆ ನುಂಗಿ ಬಸ್ ಹತ್ತಿದ್ದೆ, ಅದು ಚೆನ್ನಾಗಿ ಕೆಲಸ ಮಾಡುವ ಹೊತ್ತಿಗೇ ನನ್ನ ಸರದಿ ಬಂತು. ಡಾಕ್ಟರ್ ನಡೆಸಿದರು, ನಡೆದೆ. ಹೇಗಿದ್ದೀರಿ ಅಂದರು, ಅಭ್ಯಾಸ ನೋಡಿ, ಚೆನ್ನಾಗಿದ್ದೀನಿ ಸಾರ್ ಅಂದೆ. ಅಂಗವೈಕಲ್ಯ 30 ಪರ್ಸೆಂಟ್ ಅಂತ ಬರೆದರು. ಅಂಗವಿಕಲರ ಪಿಂಚಣಿಗೆ 40 ಬೇಕು. ಸಿಟ್ಟು ಬಂತು, ಆದರೆ ಅರ್ಧ ತಪ್ಪು ನನ್ನದೇ ಅಲ್ವಾ? ಅವರು ಅಳೆಯೋದು ಕಾಯಿಲೆಯ ಹೆಸರನ್ನಲ್ಲ, ಅದರಿಂದ ನಮಗೆ ಏನೇನು ಆಗ್ತಿಲ್ಲ ಅನ್ನೋದನ್ನ.

ಮೇಲ್ಮನವಿಗೆ ಕಾಯ್ದೆಯಲ್ಲೇ ಅವಕಾಶ ಇದೆ, ಹಾಕಿದೆ. ಮಾತ್ರೆ ಬಿಟ್ಟು ಹೋಗು ಅಂತ ಒಬ್ಬರು ಸಲಹೆ ಕೊಟ್ಟರು. ದಯವಿಟ್ಟು ಆ ಕೆಲಸ ಮಾಡಬೇಡಿ, ಈ ಮಾತ್ರೆ ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಅದರ ಬದಲು ಹೆಂಡತಿ ಒಂದು ತಿಂಗಳು ಬರೆದಿಟ್ಟಳು: ಮಾತ್ರೆ ಎಷ್ಟು ಗಂಟೆಗೆ, ಕೈಕಾಲು ಎಷ್ಟು ಹೊತ್ತಿಗೆ ಬಿಗೀತು, ಅಂಗಿ ಗುಂಡಿ ಯಾರು ಹಾಕಿದರು, ಬಚ್ಚಲಲ್ಲಿ ಎಷ್ಟು ಸಲ ಮುಗ್ಗರಿಸಿದೆ. ನರರೋಗ ತಜ್ಞರ ಚೀಟಿಗಳ ಜೊತೆ ಹಳೇ ಹಾಜರಿ ಪುಸ್ತಕ ಎರಡನ್ನೂ ಸಾಹುಕಾರರ ಹತ್ತಿರ ಕೇಳಿ ತಗೊಂಡು ಹೋದೆ. ಈ ಸಲದ ಡಾಕ್ಟರ್ ನನ್ನ ಹೆಸರು ಐದು ಸಲ ಬರೆಸಿದರು. ಐದನೆಯದು ಅವರಿಗೆ ಓದಕ್ಕಾಗಲಿಲ್ಲ. ಹಳೇ ಪುಸ್ತಕ ಪಕ್ಕಕ್ಕಿಟ್ಟು ಸುಮ್ನೆ ನೋಡ್ತಾ ಕೂತರು.

50 ಪರ್ಸೆಂಟ್ ಆಯಿತು. ಹಳದಿ ಗೆರೆಯ ಕಾರ್ಡ್ ಅಂಚೆಯಲ್ಲಿ ಬಂತು, 80 ಪರ್ಸೆಂಟ್ ಮತ್ತು ಅದಕ್ಕಿಂತ ಜಾಸ್ತಿ ಇದ್ದವರಿಗೆ ಅದು ನೀಲಿ. ಪಿಂಚಣಿಗೆ ನಾಡಕಚೇರಿಯಲ್ಲಿ ಬೇರೆ ಅರ್ಜಿ, ಆದಾಯ ಪ್ರಮಾಣಪತ್ರ ಬೇಕು, ಕಾರ್ಡ್ ಬಂದ ಕೂಡಲೇ ದುಡ್ಡು ತಾನಾಗೇ ಬರಲ್ಲ. ತಿಂಗಳಿಗೆ 800 ರೂಪಾಯಿ. ನನ್ನ ಮಾತ್ರೆಗೇ ಅದು ಸಾಲಲ್ಲ. ನನಗೆ ಜಾಸ್ತಿ ಉಪಯೋಗವಾಗಿದ್ದು ಬಸ್ಸಿನ ರಿಯಾಯಿತಿ ಪಾಸ್, ಮನೆಯಿಂದ 100 ಕಿಲೋಮೀಟರ್‌ವರೆಗೆ ನಡೆಯುತ್ತೆ. ಪಾಸ್ ಸಿಗೋವರೆಗೆ ಶಕ್ತಿ ಯೋಜನೆಯಲ್ಲಿ ಹೆಂಡತಿಗೆ ಫ್ರೀ, ಆಸ್ಪತ್ರೆಗೆ ಹೋಗುವ ರೋಗಿ ನಾನು ಟಿಕೆಟ್ ತಗೋತಿದ್ದೆ.