ಒಂದು ಡಾಂಗಲ್, ನಾಲ್ಕು ಎಫ್‌ಎಂ ಸ್ಟೇಷನ್: ಎಸ್‌ಡಿಆರ್‌ನ ಅಗಲ ಮತ್ತು ಓಟ

ಬೆಂಗಳೂರಿನ ಎಫ್‌ಎಂನಲ್ಲಿ 91.1 ರೇಡಿಯೋ ಸಿಟಿ, 91.9 ಇಂಡಿಗೋ, 92.7 ಬಿಗ್, 93.5 ರೆಡ್ ಸಾಲಾಗಿ ನಿಂತಿವೆ. ಮೊದಲನೆಯದರಿಂದ ಕೊನೆಯದಕ್ಕೆ ಸರಿಯಾಗಿ 2.4 ಮೆಗಾಹರ್ಟ್ಸ್. ಎಸ್‌ಡಿಆರ್ ಅಂದರೆ ಸಿಗ್ನಲ್ ಬಿಡಿಸುವ ಕೆಲಸವನ್ನು ಕಂಪ್ಯೂಟರ್‌ನ ಸಾಫ್ಟ್‌ವೇರೇ ಮಾಡುವ ರೇಡಿಯೋ. ಯುಎಸ್‌ಬಿಗೆ ಸಿಕ್ಕಿಸುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ತಪ್ಪದೆ ಕೊಡುವುದೂ ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್ (ಸಿಗ್ನಲ್‌ನ ಅಳತೆ), ಅಂದರೆ 2.4 ಮೆಗಾಹರ್ಟ್ಸ್ ಅಗಲ. ನಡುವೆ 92.3ಕ್ಕೆ ಟ್ಯೂನ್ ಮಾಡಿದರೆ ನಾಲ್ಕೂ ಸಿಗಬೇಕು ಅಲ್ವಾ? ಸಿಗುವುದಿಲ್ಲ. ಹೊಸದಾಗಿ ಡಾಂಗಲ್ ತಂದವರಿಗೆಲ್ಲ ನಾನು ಮೊದಲು ಮಾಡಿಸುವುದು ಈ ಪ್ರಯೋಗವನ್ನೇ.

ಸಾಫ್ಟ್‌ವೇರ್‌ನಲ್ಲಿ ಸ್ಯಾಂಪಲ್ ರೇಟ್ 2.4 ಇಟ್ಟು 92.3ಕ್ಕೆ ಹೋಗಿ. ನಡುವಿನ ಎರಡು ಸ್ಟೇಷನ್ ಚೆನ್ನಾಗಿರುತ್ತವೆ. ಪ್ರತಿ ಸ್ಟೇಷನ್‌ಗೂ ತನ್ನದೇ ಅಗಲ ಇರುವುದರಿಂದ ಎರಡು ತುದಿಗಳಲ್ಲಿ 91.1 ಮತ್ತು 93.5 ಅರ್ಧರ್ಧ ಹೊರಗೆ ಚಾಚಿರುತ್ತವೆ. ಹೊರಗೆ ಹೋದದ್ದು ಸುಮ್ನೆ ಮಾಯವಾಗುವುದಿಲ್ಲ. ಮಡಚಿಕೊಂಡು ಎದುರು ತುದಿಯಿಂದ ಒಳಗೆ ಬರುತ್ತದೆ. ಫಿಲ್ಟರ್ ಅದನ್ನು ತಗ್ಗಿಸುತ್ತದೆ, ಆದರೆ ತುದಿಯ ಹತ್ತಿರ ಪೂರ್ತಿ ತಡೆಯುವುದಿಲ್ಲ. ಹಳೇ ಕ್ಯಾಸೆಟ್ಟಿನಲ್ಲಿ ಒಂದು ಹಾಡಿನ ಮೇಲೆ ಇನ್ನೊಂದು ರೆಕಾರ್ಡ್ ಆದ ಹಾಗೆ ಕೇಳಿಸುತ್ತದೆ.

ಈಗ 91.9ಕ್ಕೆ ಬನ್ನಿ. ಮೂರು ಸ್ಟೇಷನ್ ಆರಾಮಾಗಿ ಒಳಗಿವೆ, 93.5 ಹೊರಗಿದೆ. ಆದರೂ 93.5ರಿಂದ 2.4 ಕಳೆಯಿರಿ: 91.1! ನಿಮ್ಮ ಮನೆಯ ಹತ್ತಿರ 93.5 ಜೋರಾಗಿದ್ದರೆ ಅದರ ನೆರಳು ನೇರವಾಗಿ ರೇಡಿಯೋ ಸಿಟಿಯ ಮೇಲೆಯೇ ಬೀಳುತ್ತದೆ. ಸ್ಯಾಂಪಲ್ ರೇಟನ್ನು 2.048ಕ್ಕೆ ಇಳಿಸಿ. ನೆರಳು 91.45ರ ಹತ್ತಿರದ ಖಾಲಿ ಜಾಗಕ್ಕೆ ಸರಿಯುತ್ತದೆ. ವಾಟರ್‌ಫಾಲ್‌ನಲ್ಲಿ (ಸಿಗ್ನಲ್‌ಗಳನ್ನು ಗೆರೆಗಳಾಗಿ ತೋರಿಸುತ್ತಾ ಸರಿಯುವ ಚಿತ್ರ) ಯಾವ ಗೆರೆ ಅಸಲಿ, ಯಾವುದು ನಕಲಿ ಅಂತ ಅನುಮಾನ ಬಂದಾಗಲೂ ಇದೇ ಉಪಾಯ. ರೇಟ್ ಬದಲಿಸಿದರೆ ಮಡಚಿಕೊಂಡು ಬಂದದ್ದು ಜಾಗ ಬಿಡುತ್ತದೆ, ಅಸಲಿ ಕದಲುವುದಿಲ್ಲ. 2.4ರಲ್ಲಿ ತುದಿಗಳನ್ನು ಬಿಟ್ಟು 2 ಮೆಗಾಹರ್ಟ್ಸ್ ಮಾತ್ರ ನಿಮ್ಮದು ಅಂತ ಲೆಕ್ಕ ಇಟ್ಟುಕೊಳ್ಳಿ.

ರೇಟ್ ಏರಿಸಬಾರದಾ ಅಂತ ಕೇಳಬಹುದು. ಚಿಪ್ 3.2ರವರೆಗೂ ಓಡುತ್ತದೆ, ಆದರೆ ನಡುನಡುವೆ ಸ್ಯಾಂಪಲ್ ಬಿದ್ದುಹೋಗುತ್ತವೆ. ಕಿವಿಗೆ ಅದು ಚಟಪಟ ಸದ್ದು. ಡಾಂಗಲ್‌ನ ಸಾಫ್ಟ್‌ವೇರ್ ಜೊತೆ ಬರುವ ಆರ್‌ಟಿಎಲ್-ಟೆಸ್ಟ್ ಪ್ರೋಗ್ರಾಂ ಅನ್ನು ಬೇಕಾದ ರೇಟ್ ಕೊಟ್ಟು ಐದು ನಿಮಿಷ ಓಡಿಸಿ. ಇಷ್ಟು ಬೈಟ್ ಕಳೆದುಹೋಯಿತು ಅಂತ ಅದೇ ಹೇಳುತ್ತದೆ. ಒಂದು ಸ್ಯಾಂಪಲ್‌ಗೆ 2 ಬೈಟ್, ಹಾಗಾಗಿ 2.4 ಅಂದರೆ ಸೆಕೆಂಡಿಗೆ 4.8 ಮೆಗಾಬೈಟ್. ಇನ್ನೂ ಅಗಲ ನೋಡುವ ಹ್ಯಾಕ್‌ಆರ್‌ಎಫ್ ಒನ್ ಎಂಬ ಎಸ್‌ಡಿಆರ್ ಸೆಕೆಂಡಿಗೆ 2 ಕೋಟಿ ಸ್ಯಾಂಪಲ್ ತೆಗೆದರೆ ಅದೇ 40 ಮೆಗಾಬೈಟ್. ಹಳೇ ಲ್ಯಾಪ್‌ಟಾಪ್ ಅಲ್ಲೇ ಉಸಿರು ಬಿಡುತ್ತದೆ. ಒಂದೇ ಯುಎಸ್‌ಬಿ ಹಬ್‌ಗೆ ಹಾರ್ಡ್‌ಡಿಸ್ಕ್ ಕೂಡ ಸಿಕ್ಕಿಸಿ ಡಾಂಗಲ್ ಸರಿ ಇಲ್ಲ ಅನ್ನುವವರು ನನಗೆ ಬೇಕಾದಷ್ಟು ಜನ ಸಿಕ್ಕಿದ್ದಾರೆ.

ಇನ್ನು ಓಟ, ಅಂದರೆ ಟ್ಯೂನಿಂಗ್ ಬದಲಿಸುತ್ತಾ ಸುತ್ತುವ ವೇಗ. 87.5ರಿಂದ 108ರವರೆಗೆ ಇಡೀ ಎಫ್‌ಎಂ ನೋಡಬೇಕಾದರೆ ತಲಾ 2 ಮೆಗಾಹರ್ಟ್ಸ್‌ನಂತೆ 11 ಜಿಗಿತ ಬೇಕು. ಪ್ರತಿ ಜಿಗಿತಕ್ಕೂ ಕಂಪ್ಯೂಟರ್ ಯುಎಸ್‌ಬಿ ಮೂಲಕ ಟ್ಯೂನರ್ ಚಿಪ್‌ಗೆ ಹೊಸ ಲೆಕ್ಕ ಬರೆಯಬೇಕು, ಅದು ಹೊಸ ಜಾಗದಲ್ಲಿ ಸ್ಥಿರವಾಗುವವರೆಗೆ (ಲಾಕ್ ಆಗುವವರೆಗೆ) ಕಾಯಬೇಕು, ಬಫರ್‌ನಲ್ಲಿ ಉಳಿದ ಹಳೇ ಸ್ಯಾಂಪಲ್ ಎಸೆಯಬೇಕು. ಹೀಗೆ ಸುತ್ತುವ ಆರ್‌ಟಿಎಲ್-ಪವರ್ ಪ್ರೋಗ್ರಾಂ ಪ್ರತಿ ಸಲ 5 ಮಿಲಿಸೆಕೆಂಡ್ ಸುಮ್ನೆ ಕಾಯುತ್ತದೆ. 10 ಕಿಲೋಹರ್ಟ್ಸ್ ಸೂಕ್ಷ್ಮದ ಒಂದು ಅಳತೆಗೆ ಬೇಕಾದ ಡೇಟಾ 0.1 ಮಿಲಿಸೆಕೆಂಡಿನಷ್ಟೇ! ಹಾಗಾಗಿ ಬೇಗ ಸುತ್ತಬೇಕಾದರೆ ಜಿಗಿತ ಕಡಿಮೆ ಮಾಡುವುದೇ ದಾರಿ. ಆ ಪ್ರೋಗ್ರಾಂನಲ್ಲಿ ತುದಿ ಕತ್ತರಿಸುವ ಆಯ್ಕೆಯನ್ನು 20 ಪ್ರತಿಶತಕ್ಕೆ ಇಡಿ. ಅದಕ್ಕಿಂತ ಜಾಸ್ತಿ ಕತ್ತರಿಸಿದರೆ ಜಿಗಿತ ಏರುತ್ತದೆ, ಸೊನ್ನೆ ಇಟ್ಟರೆ ಮೇಲೆ ಹೇಳಿದ ನೆರಳುಗಳು ಪಟ್ಟಿಗೆ ಸೇರುತ್ತವೆ.

ಹ್ಯಾಕ್‌ಆರ್‌ಎಫ್‌ನ ಸ್ವೀಪ್ ಪ್ರೋಗ್ರಾಂ ಸೆಕೆಂಡಿಗೆ 8 ಗಿಗಾಹರ್ಟ್ಸ್‌ವರೆಗೆ ಸುತ್ತುತ್ತದೆ. ಅಗಲ ಜಾಸ್ತಿ ಅನ್ನುವುದು ಒಂದು ಕಾರಣ. ಜಿಗಿತವನ್ನು ಕಂಪ್ಯೂಟರ್ ಹೇಳುವವರೆಗೆ ಕಾಯದೆ ಅದರೊಳಗೇ ಇರುವ ಪ್ರೋಗ್ರಾಂ, ಅಂದರೆ ಫರ್ಮ್‌ವೇರೇ ನಡೆಸುತ್ತದೆ ಅನ್ನುವುದು ಇನ್ನೊಂದು.

ಆದರೆ ಎಷ್ಟು ಬೇಗ ಸುತ್ತಿದರೂ ಕೆಲವನ್ನು ಹಿಡಿಯಲು ಆಗುವುದಿಲ್ಲ. ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬರುವ ವಿಮಾನಗಳು 1090 ಮೆಗಾಹರ್ಟ್ಸ್‌ನಲ್ಲಿ ತಮ್ಮ ಜಾಗ ಹೇಳುತ್ತಿರುತ್ತವೆ. ಅಂಥ ಒಂದು ಸಂದೇಶ ಮುಗಿಯಲು 120 ಮೈಕ್ರೋಸೆಕೆಂಡ್ ಸಾಕು. ಅಲ್ಲಿ ತಿರುಗಾಡಬೇಡಿ, 2.4ರಲ್ಲಿ ಒಂದೇ ಕಡೆ ನಿಲ್ಲಿಸಿ.

ಎರಡೂ ಬೇಕು ಅನ್ನುವವರಿಗೆ ನಾನು ದುಬಾರಿ ಪೆಟ್ಟಿಗೆ ಹೇಳುವುದಿಲ್ಲ. ಇನ್ನೊಂದು ಡಾಂಗಲ್ ತನ್ನಿ. ಒಂದನ್ನು 1090ರಲ್ಲಿ ನಿಲ್ಲಿಸಿ, ಇನ್ನೊಂದನ್ನು ಸುತ್ತಲು ಬಿಡಿ. ಎರಡಕ್ಕೂ ಒಂದೇ ಸೀರಿಯಲ್ ನಂಬರ್ ಇದ್ದರೆ ಸಾಫ್ಟ್‌ವೇರ್‌ಗೆ ಗೊಂದಲವಾಗುತ್ತದೆ. ಒಂದನ್ನು ಮಾತ್ರ ಸಿಕ್ಕಿಸಿ, ಆರ್‌ಟಿಎಲ್-ಈಪ್ರಾಮ್ ಪ್ರೋಗ್ರಾಂನಿಂದ ಅದರ ನಂಬರ್ ಬದಲಿಸಿ, ಡಾಂಗಲ್ ಕಿತ್ತು ಮತ್ತೆ ಹಾಕಿ. ಆಮೇಲೆ ಎರಡನೆಯದನ್ನು ಸೇರಿಸಿ.